ಪಟ್ಟಿಯಲ್ಲಿ ಹೆಸರಿಲ್ಲದವನು

ಕೈವಾರದ ಬೆಟ್ಟದ ಕೆಳಗೆ ಒಬ್ಬ ರಾಕ್ಷಸ ಇದ್ದಾನೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಭೀಮ ಬಕಾಸುರನನ್ನು ಬಡಿದುಹಾಕಿ ಮೇಲೆ ಬೆಟ್ಟ ಇಟ್ಟನಂತೆ. ಈಗಲೂ ಶಿವರಾತ್ರಿ ಹೊತ್ತಿಗೆ ಬಂಡೆ ಸಂದಿಯಿಂದ ಅವನ ರಕ್ತ, ಕೀವು ಜಿನುಗುತ್ತೆ ಅಂತ ಹಿರಿಯರು ಹೇಳುತ್ತಾರೆ. ನಮ್ಮೂರು ಸಾದಲಿಯಿಂದ ಶಿಡ್ಲಘಟ್ಟ ದಾಟಿ ಚಿಂತಾಮಣಿ ತಾಲ್ಲೂಕಿಗೆ ಕಾಲಿಟ್ಟರೆ ಕೈವಾರ. ಹೊರಗಿನವರಿಗೆ ಅದು ಕೈವಾರ ತಾತಯ್ಯನವರ ಊರು. ನಮ್ಮಜ್ಜಿಗೆ ಮಾತ್ರ ಅದು ಮೊದಲು ಏಕಚಕ್ರಪುರ, ಮಿಕ್ಕಿದ್ದೆಲ್ಲ ಆಮೇಲೆ. ಭೀಮಲಿಂಗೇಶ್ವರನ ಗುಡಿಯೂ ಅಲ್ಲಿದೆ, ಲಿಂಗವನ್ನು ಭೀಮನೇ ಪ್ರತಿಷ್ಠೆ ಮಾಡಿದ್ದು ಅನ್ನೋದು ಪ್ರತೀತಿ. ಏಕಚಕ್ರ ನಮ್ಮಲ್ಲೇ ಇದ್ದಿದ್ದು ಅಂತ ಹೇಳಿಕೊಳ್ಳುವ ಊರುಗಳು ಬಂಗಾಳದಲ್ಲೂ ಬಿಹಾರದಲ್ಲೂ ಇವೆ. ಇರಲಿ ಬಿಡಿ. ನಮ್ಮ ಹತ್ತಿರ ಬೆಟ್ಟ ಇದೆ.

ಅಜ್ಜಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಅನ್ನದ ಬಂಡಿ, ಭೀಮನ ಹೊಟ್ಟೆ, ಗುದ್ದಾಟ ಇವೇ ಮುಖ್ಯ. ದೊಡ್ಡವನಾದ ಮೇಲೆ ಮಹಾಭಾರತದ ಆದಿಪರ್ವ ಓದಿದಾಗ ಕಂಡದ್ದು ಬೇರೆಯೇ. ಅಲ್ಲಿ ಗುದ್ದಾಟ ಬೇಗ ಮುಗಿಯುತ್ತದೆ. ಕಥೆ ನಿಜವಾಗಿ ನಡೆಯುವುದು ಒಂದು ಮನೆಯೊಳಗೆ, ಗಂಡ ಹೆಂಡತಿ ಮಕ್ಕಳ ಮಾತಿನಲ್ಲಿ.

ಏರ್ಪಾಡು ಹೀಗಿದೆ. ಬಕ ಊರನ್ನು ಹೊರಗಿನ ಶತ್ರುಗಳಿಂದ ಕಾಯುತ್ತಾನೆ. ಹೌದು, ಕಾಯುತ್ತಾನೆ! ಅದಕ್ಕೆ ಪ್ರತಿಯಾಗಿ ಊರು ಅವನಿಗೆ ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಬರುವ ಒಬ್ಬ ಮನುಷ್ಯ, ಇಷ್ಟನ್ನೂ ಊಟಕ್ಕೆ ಕೊಡಬೇಕು. ಮನೆಗೊಂದು ಸರದಿ. ಎಷ್ಟೋ ವರ್ಷಕ್ಕೊಮ್ಮೆ ಬರುತ್ತೆ, ಆದರೆ ತಪ್ಪದೆ ಬರುತ್ತೆ. ತಪ್ಪಿಸಿಕೊಳ್ಳಲು ನೋಡಿದವರ ಇಡೀ ಕುಟುಂಬಕ್ಕೆ ಕುತ್ತು. ರಾಜ ಒಬ್ಬ ಇದ್ದಾನೆ, ಬೇರೆ ಊರಲ್ಲಿ ಕೂತಿದ್ದಾನೆ, ಕೈಲಾಗದವನು. ನಮ್ಮ ಆಫೀಸಿನಲ್ಲಿ ರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡಬೇಕಾದವರ ಆನ್‌ಕಾಲ್ ಪಟ್ಟಿ ಇರುತ್ತಲ್ಲ, ಥೇಟ್ ಹಾಗೆ. ವ್ಯವಸ್ಥೆ ಸುಸೂತ್ರವಾಗಿ ನಡೀತಾ ಇದೆ, ಯಾರೂ ಗಲಾಟೆ ಮಾಡ್ತಿಲ್ಲ, ಆಗಾಗ ಒಬ್ಬ ಸಾಯ್ತಾನೆ ಅಷ್ಟೆ.

ಪಾಂಡವರು ಅರಗಿನ ಮನೆಯಿಂದ ತಪ್ಪಿಸಿಕೊಂಡು ಬ್ರಾಹ್ಮಣ ವೇಷದಲ್ಲಿ ಇಳಿದುಕೊಂಡಿದ್ದ ಮನೆಗೇ ಆ ಸಲ ಸರದಿ ಬರುತ್ತದೆ. ಯಜಮಾನ ಹೆಂಡತಿಗೆ ಹೇಳುವ ಮೊದಲ ಮಾತುಗಳಲ್ಲಿ ಒಂದು ನನ್ನನ್ನು ಬಹಳ ದಿನ ಕಾಡಿತು. ಈ ಊರು ಬಿಟ್ಟು ಹೋಗೋಣ ಅಂತ ನಾನು ಎಷ್ಟು ಸಲ ಹೇಳಿದೆ, ಇಲ್ಲೇ ಹುಟ್ಟಿ ಬೆಳೆದೆ, ಅಪ್ಪನ ಮನೆ ಇದೆ ಅಂತ ನೀನೇ ಕೇಳಲಿಲ್ಲ ಅನ್ನುತ್ತಾನೆ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮಂಥವರ ಮನೆಗಳಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ, ಬರೀ ಪಾತ್ರ ಬದಲಾಗಿದೆ. ಇನ್ನೊಂದು ಮಾತೂ ಅವನ ಬಾಯಲ್ಲಿ ಬರುತ್ತೆ: ಬದಲಿಗೆ ಒಬ್ಬ ಮನುಷ್ಯನನ್ನು ಕೊಂಡುಕೊಳ್ಳೋಣ ಅಂದರೆ ನನ್ನ ಹತ್ತಿರ ದುಡ್ಡಿಲ್ಲ. ಅಂದರೆ ದುಡ್ಡಿದ್ದವನಿಗೆ ಆ ದಾರಿಯೂ ಇತ್ತು. ಸರದಿ ಎಲ್ಲರಿಗೂ ಒಂದೇ ಅನ್ನೋದು ಪಟ್ಟಿಯಲ್ಲಿ ಮಾತ್ರ.

ಆಮೇಲೆ ಮನೆಯವರೆಲ್ಲ ಪೈಪೋಟಿಗೆ ಬಿದ್ದವರ ಹಾಗೆ ನಾನು ಹೋಗ್ತೀನಿ, ನಾನು ಹೋಗ್ತೀನಿ ಅನ್ನುತ್ತಾರೆ. ಹೆಂಡತಿ ಕಾರಣ ಕೊಡುತ್ತಾಳೆ, ಹೆಂಗಸು ಅಂತ ರಾಕ್ಷಸ ಬಿಟ್ಟರೂ ಬಿಟ್ಟಾನು. ಮಗಳು ತನ್ನದೇ ವಾದ ಹೂಡುತ್ತಾಳೆ. ಕೊನೆಗೆ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿಕೊಂಡು, ಇದರಲ್ಲೇ ರಾಕ್ಷಸನನ್ನು ಕೊಂದುಬಿಡ್ತೀನಿ ಅಂತಾನೆ. ಅಳುತ್ತಿದ್ದವರೆಲ್ಲ ಆ ಕ್ಷಣ ನಗುತ್ತಾರೆ. ಇಡೀ ಮಹಾಭಾರತದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಆ ನಗು ಕೇಳಿದ ಮೇಲೆಯೇ ಕುಂತಿ ಒಳಗೆ ಬರೋದು.

ಈಗ ಸಮುದ್ರ ದಾಟಿ ಗ್ರೀಸ್‌ಗೆ ಬನ್ನಿ. ಕ್ರೀಟ್ ದ್ವೀಪದ ದೊರೆ ಮಿನೋಸ್. ಅವನ ಮಗ ಆಂಡ್ರೋಜಿಯಸ್ ಅಥೆನ್ಸ್ ಸೀಮೆಯಲ್ಲಿ ಸತ್ತ. ಅದಕ್ಕೆ ದಂಡವಾಗಿ ಅಥೆನ್ಸಿನವರು ಒಂಬತ್ತು ವರ್ಷಕ್ಕೊಮ್ಮೆ ಏಳು ಹುಡುಗರು, ಏಳು ಹುಡುಗಿಯರನ್ನು ಹಡಗು ಹತ್ತಿಸಿ ಕಳಿಸಬೇಕು. ಅಲ್ಲಿ ದಾರಿ ತಪ್ಪಿಸುವ ಸುತ್ತುಗಟ್ಟಿನ ಅರಮನೆಯೊಳಗೆ ಗೂಳಿ ತಲೆಯ, ಮನುಷ್ಯ ದೇಹದ ಮಿನೋಟಾರ್ ಕಾಯುತ್ತಿರುತ್ತಾನೆ. ಯಾರು ಹೋಗಬೇಕು ಅನ್ನೋದಕ್ಕೆ ಚೀಟಿ ಎತ್ತುತ್ತಾರೆ. ಎರಡು ಕಂತು ಹೋಗಿದೆ, ಮೂರನೆಯದು ಬಂದಿದೆ. ಜನ ಗೊಣಗತೊಡಗುತ್ತಾರೆ. ಇಷ್ಟಕ್ಕೆಲ್ಲ ಕಾರಣನಾದ ರಾಜ ಈಜಿಯಸ್‌ಗೆ ಮಾತ್ರ ಏನೂ ನಷ್ಟವಿಲ್ಲ, ಹೊರಗಿನಿಂದ ಬಂದ ಮಗನಿಗೆ ಪಟ್ಟ ಕಟ್ಟೋಕೆ ಹೊರಟಿದ್ದಾನೆ, ನಮ್ಮ ಮಕ್ಕಳು ಸಾಯಬೇಕು ಅಂತ. ಆ ಹೊರಗಿನ ಮಗ ಥೀಸಿಯಸ್, ಬೇರೆ ಊರಲ್ಲಿ ತಾಯಿಯ ಹತ್ತಿರ ಬೆಳೆದವನು. ಅವನು ಮುಂದೆ ಬಂದು ಚೀಟಿಯ ಗೊಡವೆಯೇ ಬೇಡ, ನಾನು ಹೋಗ್ತೀನಿ ಅನ್ನುತ್ತಾನೆ. ಇದನ್ನು ಹೀಗೆ ವಿವರವಾಗಿ ಹೇಳಿದವನು ಪ್ಲೂಟಾರ್ಕ್.

ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಊರನ್ನು ತಿನ್ನುವ ಪ್ರಾಣಿ, ಕಂತು, ಪಟ್ಟಿ, ಕೈಲಾಗದ ರಾಜ. ಬಂದು ಬಿಡಿಸುವವನು ಮಾತ್ರ ಎರಡು ಕಡೆಯೂ ಪಟ್ಟಿಯಲ್ಲಿ ಇಲ್ಲದವನು. ಥೀಸಿಯಸ್ ಚೀಟಿಯಲ್ಲಿ ಬರಲಿಲ್ಲ. ಭೀಮ ಏಕಚಕ್ರದ ಮನೆಯವನೇ ಅಲ್ಲ, ತಿಂಗಳೊಪ್ಪತ್ತಿನ ಬಿಡಾರದವನು. ಯಜಮಾನನೂ ಮೊದಲು ಒಪ್ಪುವುದಿಲ್ಲ, ಅತಿಥಿಯನ್ನು ಸಾಯಲು ಕಳಿಸಿ ನಾನು ಬದುಕೋದೇ ಅಂತಾನೆ. ಇನ್ನೂ ಒಂದು ತಮಾಷೆಯ ಹೋಲಿಕೆ ಇದೆ. ಥೀಸಿಯಸ್ ಬೆಳೆದಿದ್ದಾನೋ ಇಲ್ಲವೋ ಅಂತ ಗೊತ್ತಾದದ್ದು ಅಪ್ಪ ಬಂಡೆಯಡಿ ಬಚ್ಚಿಟ್ಟಿದ್ದ ಕತ್ತಿ, ಪಾದರಕ್ಷೆಗಳನ್ನು ಆ ಬಂಡೆ ಎತ್ತಿ ತೆಗೆದಾಗ. ಬಂಡೆ ತೋರಿಸಿದವಳು ತಾಯಿ ಈಥ್ರಾ. ಇಲ್ಲಿ ಧರ್ಮರಾಯ, ಭೀಮನನ್ನು ಹೇಗೆ ಕಳಿಸ್ತೀಯಮ್ಮಾ ಅಂತ ಸಿಟ್ಟಾದಾಗ ಕುಂತಿ ಕೊಡುವ ಸಾಕ್ಷಿಯೂ ಬಂಡೆಯೇ. ಹಸುಗೂಸಾಗಿದ್ದಾಗ ಭೀಮ ನನ್ನ ಮಡಿಲಿಂದ ಬಿದ್ದ, ಕೆಳಗಿದ್ದ ಬಂಡೆ ಪುಡಿಯಾಯಿತು ಅನ್ನುತ್ತಾಳೆ. ಆಯ್ಕೆ ಮಾಡುವವಳು ತಾಯಿ ಅನ್ನೋದು ನಮ್ಮ ಕಥೆಯ ತೂಕ. ಈ ಮನೆಯ ಅನ್ನ ತಿಂದಿದ್ದೀವಿ, ಋಣ ತೀರಿಸಬೇಕು ಅನ್ನುವ ಲೆಕ್ಕ ಅವಳದು.

ಹಾಗಾದರೆ ಯಾರು ಯಾರಿಂದ ಕದ್ದರು ಅಂತ ಕೇಳಬಹುದು. ಬಳಕೆ ಇದ್ದದ್ದು ನಿಜ. ಚಂದ್ರಗುಪ್ತನ ಆಸ್ಥಾನಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಮಥುರೆಯ ಕಡೆಯ ಜನ ಹೆರಾಕ್ಲೀಸನನ್ನು ಪೂಜಿಸುತ್ತಾರೆ ಅಂತ ಬರೆದ. ಅವನು ಕಂಡದ್ದು ಕೃಷ್ಣನನ್ನು ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ನಮ್ಮ ಬೆಂಗಳೂರಿನ ಯಶವಂತಪುರದಲ್ಲೇ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಆದರೂ ಕಥೆ ಕದ್ದ ಲೆಕ್ಕಾಚಾರದಲ್ಲಿ ನನಗೆ ಆಸಕ್ತಿ ಕಡಿಮೆ. ರಕ್ಷಣೆ ಹೆಸರಲ್ಲಿ ವಸೂಲಿ ಮಾಡುವವನು ಎಲ್ಲೆಲ್ಲಿ ಇದ್ದನೋ ಅಲ್ಲೆಲ್ಲ ಈ ಕಥೆ ತಾನಾಗೇ ಹುಟ್ಟಿರಬಹುದು.

ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೇ ಶತಮಾನದ್ದು ಎನ್ನಲಾದ ಗ್ರೀಕ್ ಪ್ರಹಸನವೊಂದರ ಹಸ್ತಪ್ರತಿ 1903ರಲ್ಲಿ ಅಚ್ಚಾಯಿತು. ಅದರಲ್ಲಿ ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ, ಅಣ್ಣ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಯೂರಿಪಿಡೀಸನ ಇಫಿಜೀನಿಯಾ ನಾಟಕವನ್ನು ನಗೆಗಾಗಿ ತಿರುಚಿದ ಹಾಗಿದೆ. ಸ್ಥಳೀಯ ರಾಜ ಮತ್ತು ಅವನ ಕಡೆಯವರು ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಷ್ ಮೊದಲು ಹೇಳಿದ. ನಮ್ಮ ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಆ ದಿಕ್ಕಿನಲ್ಲಿ ಮುಂದುವರಿದರು. ಒಪ್ಪದವರೂ ಬೇಕಾದಷ್ಟು ಜನ ಇದ್ದಾರೆ. ಒಂದು ವೇಳೆ ಅದು ಕನ್ನಡವೇ ಆಗಿದ್ದರೆ ಆ ಕಥೆಯಲ್ಲಿ ನಾವೇ ಬಕಾಸುರರು! ಗ್ರೀಕರು ನಮಗೆ ಚೆನ್ನಾಗಿ ಕುಡಿಸಿ, ಮತ್ತೇರಿಸಿ, ಹುಡುಗಿಯನ್ನು ಹಡಗು ಹತ್ತಿಸುತ್ತಾರೆ. ರಾಕ್ಷಸ ಯಾರು ಅನ್ನೋದು ಕಥೆ ಹೇಳುವವರ ಊರಿನ ಮೇಲೂ ಹೋಗುತ್ತೆ.

ಭೀಮನ ಜೊತೆ ಎಲ್ಲರೂ ಹೋಲಿಸೋದು ಹೆರಾಕ್ಲೀಸನನ್ನು, ಅಂದರೆ ರೋಮನ್ನರ ಹರ್ಕ್ಯುಲಿಸನನ್ನು. ಗದೆ, ತೋಳ್ಬಲ, ಹಸಿವು, ಮುಂಗೋಪ ಎಲ್ಲ ಸರಿಹೋಗುತ್ತೆ. ಆದರೆ ಹರ್ಕ್ಯುಲಿಸ್ ಯಾರದೋ ಸರದಿಗೆ ಹೋದವನಲ್ಲ. ಹುಚ್ಚು ಹಿಡಿದು ಸ್ವಂತ ಮಕ್ಕಳನ್ನೇ ಕೊಂದ, ಅದರ ಪ್ರಾಯಶ್ಚಿತ್ತಕ್ಕೆ ಯೂರಿಸ್ಥಿಯಸ್ ಎಂಬ ಹೇಡಿ ರಾಜನ ಕೈಕೆಳಗೆ ದುಡಿದ. ಐಟಿಯವರು ಓದಬೇಕಾದ ಭಾಗ ಇದು. ಒಪ್ಪಂದ ಹತ್ತು ಕೆಲಸಕ್ಕೆ. ಒಂಬತ್ತು ತಲೆಯ ಹೈಡ್ರಾವನ್ನು ಕೊಂದು ಬಂದರೆ, ಅಣ್ಣನಮಗ... ಅಲ್ಲ, ಸೋದರನ ಮಗ ಅಯೊಲಾಸ್ ಕೊಳ್ಳಿ ಹಿಡಿದು ಸಹಾಯ ಮಾಡಿದ್ದಾನೆ, ಇದು ಲೆಕ್ಕಕ್ಕಿಲ್ಲ ಅಂದ ರಾಜ. ಆಜಿಯಸ್ ಎಂಬುವನ, ವರ್ಷಗಟ್ಟಲೆ ಸಗಣಿ ಬಾಚದ ಕೊಟ್ಟಿಗೆಗೆ ನದಿ ತಿರುಗಿಸಿ ಒಂದೇ ದಿನದಲ್ಲಿ ಚೊಕ್ಕ ಮಾಡಿ ಬಂದರೆ, ಅದಕ್ಕೆ ಕೂಲಿ ಮಾತಾಡಿಕೊಂಡಿದ್ದೆ, ಇದೂ ಲೆಕ್ಕಕ್ಕಿಲ್ಲ ಅಂದ. ಹತ್ತು ಹನ್ನೆರಡಾಯಿತು. ಟೀಮ್ ಸೇರಿ ಮಾಡಿದರೆ ನಿನ್ನದಲ್ಲ, ಬುದ್ಧಿ ಉಪಯೋಗಿಸಿ ಬೇಗ ಮುಗಿಸಿದರೆ ಅದೊಂದು ಕೆಲಸವೇ ಅಲ್ಲ. ಅಪ್ರೈಸಲ್ ಮೀಟಿಂಗಿನಲ್ಲಿ ಕೂತ ಯಾರಿಗೆ ಈ ಸ್ವರ ಗೊತ್ತಿಲ್ಲ? ಇಷ್ಟಾಗಿ ಆ ರಾಜ, ಹರ್ಕ್ಯುಲಿಸ್ ಏನಾದರೂ ಹಿಡಿದು ತಂದಾಗ ಹೆದರಿ ಕಂಚಿನ ಹಂಡೆಯೊಳಗೆ ಅಡಗಿ ಕೂರುತ್ತಿದ್ದ.

ಪಟ್ಟಿಯ ವಿಷಯ ನನ್ನ ತಲೆಗೆ ಹೊಕ್ಕಿದ್ದಕ್ಕೆ ಮನೆಯ ಕಾರಣವೂ ಇದೆ. ಅಪ್ಪನಿಗೆ ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸಾದಲಿಯಿಂದ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಕಾದು, ಕರೆತರಬೇಕು. ನಾವು ಮೂವರು ಮಕ್ಕಳು, ಮೂವರೂ ಬೆಂಗಳೂರಿನಲ್ಲಿ. ಅಪ್ಪ ಊರು ಬಿಟ್ಟು ಬರಲ್ಲ. ಹಿಪ್ಪುನೇರಳೆ ತೋಟ ಯಾರು ನೋಡ್ತಾರೆ ಅಂತಾರೆ. ಏಕಚಕ್ರದ ಆ ಹೆಂಡತಿಯ ಉತ್ತರವೇ ಅದು. ಸರಿ, ನಾನು ಗೂಗಲ್ ಶೀಟ್ ಮಾಡಿದೆ. ದಿನಾಂಕ, ಹೆಸರು, ಹಸಿರು, ಹಳದಿ, ಕೆಂಪು. ಅಕ್ಕ, ನಾನು, ತಮ್ಮ. ಯಾರಿಗೂ ಅನ್ಯಾಯ ಆಗದ ಹಾಗೆ ಫಾರ್ಮುಲಾ ಕೂಡ ಹಾಕಿದ್ದೆ.

ಹೋದ ಮಳೆಗಾಲದಲ್ಲಿ ಒಂದು ದಿನ ಮೂವರಿಗೂ ಹೊರಡಲು ಆಗಲಿಲ್ಲ. ತಮ್ಮನ ಸರದಿ, ಅವನ ಮಗುವಿಗೆ ಜ್ವರ. ಅಕ್ಕ ಪುಣೆಯಲ್ಲಿದ್ದಳು. ನಾನು ಬೆಳಗಿನ ಜಾವ ಒಂದು ಡೆಪ್ಲಾಯ್‌ಮೆಂಟ್ ಮಧ್ಯೆ ಸಿಕ್ಕಿಕೊಂಡು, ಕ್ಯಾಬ್‌ಗೆ ಫೋನ್ ಮೇಲೆ ಫೋನ್ ಮಾಡುತ್ತಾ ಇದ್ದೆ. ಏಳು ಗಂಟೆಗೆ ಅಮ್ಮನ ಫೋನ್. ಹೋದ್ರು ಕಣೋ, ಆಗಲೇ ಹೋದ್ರು ಅಂದಳು. ಯಾರ ಜೊತೆ? ನಮ್ಮ ಬೀದಿಯ ಕೊನೆ ಮನೆ ಹುಡುಗ, ಟೊಮೆಟೊ ಗಾಡಿ ಓಡಿಸುವವನು. ರಾತ್ರಿಯೆಲ್ಲ ಲೋಡು ಹಾಕಿ ಚಿಂತಾಮಣಿ ಮಾರ್ಕೆಟ್ಟಿಗೆ ಇಳಿಸಿ ಬಂದು ಮಲಗಬೇಕಾದವನು. ಅಪ್ಪ ಜಗಲಿ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದು ನೋಡಿ, ಏಳಿ ಮಾಮ, ಗಾಡಿ ಇದೆಯಲ್ಲ ಅಂದನಂತೆ. ನಾಲ್ಕು ಗಂಟೆ ಆಸ್ಪತ್ರೆಯ ಹೊರಗೆ ಗಾಡಿಯಲ್ಲೇ ನಿದ್ದೆ ಮಾಡಿ, ಕರೆದುಕೊಂಡು ಬಂದ. ಡೀಸೆಲ್‌ಗೆ ಅಂತ ಫೋನಿನಲ್ಲಿ ದುಡ್ಡು ಹಾಕಿದರೆ ವಾಪಸ್ ಕಳಿಸಿದ. ಆವತ್ತಿನ ಸಾಲಿನಲ್ಲಿ ಯಾರ ಹೆಸರು ಹಾಕೋದು? ನಾನು ಮಾಡಿದ ಕಾಲಂನಲ್ಲಿ ಮೂರು ಹೆಸರು ಬಿಟ್ಟು ಬೇರೆ ಬರೆದರೆ ಶೀಟ್ ತಗೊಳ್ಳೋದಿಲ್ಲ, ಎರರ್ ತೋರಿಸುತ್ತೆ.

ಪಟ್ಟಿ ಮಾಡುವವನಿಗೆ ನ್ಯಾಯದ ಭ್ರಮೆ ಇರುತ್ತೆ. ಪಟ್ಟಿಯೇ ವಕ್ರವಾಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ರೋಮನ್ನರದ್ದೊಂದು ಕಥೆ, ನಮ್ಮದೊಂದು ಕಥೆ ಜೋಡಿಯಾಗಿ ಓದಬೇಕು. ರೋಮಿನ ಫೋರಮ್‌ನಲ್ಲಿ, ಲಿವಿಯ ಪ್ರಕಾರ ಕ್ರಿ.ಪೂ. 362ರಲ್ಲಿ, ನೆಲ ಬಾಯ್ಬಿಟ್ಟಿತು. ಎಷ್ಟು ಮಣ್ಣು ಸುರಿದರೂ ತುಂಬಲಿಲ್ಲ. ರೋಮಿನ ನಿಜವಾದ ಬಲ ಯಾವುದೋ ಅದನ್ನು ಅರ್ಪಿಸಬೇಕು ಅಂದರು ಕಣಿ ಹೇಳುವವರು. ಮಾರ್ಕಸ್ ಕರ್ಟಿಯಸ್ ಎಂಬ ಯೋಧ, ನಮ್ಮ ಬಲ ಅಂದರೆ ಆಯುಧ ಮತ್ತು ಧೈರ್ಯ ಅಲ್ಲವೇ ಅಂತ ಕೇಳಿ, ಶಸ್ತ್ರ ಧರಿಸಿ, ಕುದುರೆ ಹತ್ತಿ, ಆ ಬಿರುಕಿಗೆ ಹಾರಿದ. ಆ ಜಾಗಕ್ಕೆ ಅವನದೇ ಹೆಸರು. ಫೋರಮ್‌ಗೆ ಹೋದವರು ಈಗಲೂ ನೋಡಬಹುದು.

ನಮ್ಮಲ್ಲಿ ಕಲ್ಲನಕೇರಿಯ ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಬಲಿ ಬೇಕು ಅಂತ ಶಾಸ್ತ್ರದಲ್ಲಿ ಬಂತು. 'ಕೆರೆಗೆ ಹಾರ' ಹಾಡು ಕೇಳದ ಕನ್ನಡಿಗರು ಕಡಿಮೆ. ಮನೆಯ ಹಿರಿಯರು ಕೂತು ಯೋಚಿಸಿ ಆರಿಸಿದ್ದು ಕಿರಿಸೊಸೆ ಭಾಗೀರಥಿಯನ್ನು. ಕರ್ಟಿಯಸ್ ತಾನೇ ಮುಂದೆ ಬಂದ, ಊರೆಲ್ಲ ನೋಡುತ್ತಿತ್ತು. ಭಾಗೀರಥಿಗೆ ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ, ಅವಳಿಗೆ ಅದು ತಾನಾಗೇ ಗೊತ್ತಾಯಿತು. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ವಾಪಸ್ ಬಂದು, ವಿಷಯ ತಿಳಿದು, ಅದೇ ಕೆರೆಗೆ ಹಾರಿದ. ಇದನ್ನು ತ್ಯಾಗದ ಕಥೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನನಗೀಗ ಅದು ಪಟ್ಟಿಯ ಕಥೆ. ದೊಡ್ಡ ಮನೆಯಲ್ಲಿ ಯಾರ ಹೆಸರು ಮೊದಲು ಬರುತ್ತೆ ಅನ್ನೋದು ಪಟ್ಟಿ ಬರೆಯೋಕೆ ಮುಂಚೆಯೇ ತೀರ್ಮಾನ ಆಗಿರುತ್ತೆ. ನಮ್ಮ ಶೀಟಿನಲ್ಲಿ ಅಮ್ಮನ ಹೆಸರು ಎಲ್ಲೂ ಇಲ್ಲ, ಉಳಿದ ಐದು ದಿನ ಅಪ್ಪನನ್ನು ನೋಡಿಕೊಳ್ಳುವವಳು ಅವಳೇ ಆದರೂ.

ಗೆದ್ದ ಮೇಲೆ ಏನು ಸಿಕ್ಕಿತು ಅನ್ನೋ ಪ್ರಶ್ನೆಗೆ ಗ್ರೀಕರ ಉತ್ತರ ಉದ್ದವಾಗಿದೆ. ಥೀಸಿಯಸ್‌ಗೆ ಎಲ್ಲ ಸಿಕ್ಕಿತು. ಅವನು ತಂದ ಹಡಗನ್ನು ಅಥೆನ್ಸಿನವರು ಶತಮಾನಗಟ್ಟಲೆ ಇಟ್ಟುಕೊಂಡರು, ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ. ಎಲ್ಲ ಹಲಗೆ ಬದಲಾದ ಮೇಲೂ ಅದು ಅದೇ ಹಡಗೇ ಅಂತ ತತ್ವಜ್ಞಾನಿಗಳು ಜಗಳವಾಡಿದರು (ಹತ್ತು ವರ್ಷದ ಹಳೆ ಕೋಡ್ ಜೊತೆ ಬದುಕುವವರಿಗೆ ಈ ಜಗಳ ಹೊಸದಲ್ಲ). ಕ್ರಿ.ಪೂ. 475ರ ಸುಮಾರಿಗೆ ಕೈಮಾನ್ ಎಂಬ ಸೇನಾಪತಿ ಸ್ಕೈರೋಸ್ ದ್ವೀಪದಿಂದ ದೊಡ್ಡ ಅಸ್ಥಿಗಳನ್ನು ತಂದು, ಇವು ಥೀಸಿಯಸ್‌ನವು ಅಂತ ನಗರದ ಮಧ್ಯೆ ಸಮಾಧಿ ಮಾಡಿಸಿದ. ಬಲಿಷ್ಠರಿಗೆ ಹೆದರಿ ಓಡಿಬಂದ ಗುಲಾಮರಿಗೆ, ಬಡವರಿಗೆ ಆ ಸಮಾಧಿ ಆಶ್ರಯವಾಯಿತು ಅಂತ ಪ್ಲೂಟಾರ್ಕ್ ಬರೆಯುತ್ತಾನೆ. ಆದರೆ ದಾರ ಕೊಟ್ಟು ಜೀವ ಉಳಿಸಿದ ಅರಿಯಾಡ್ನೆಯನ್ನು ಅವನು ನಕ್ಸೋಸ್ ದ್ವೀಪದಲ್ಲಿ ಬಿಟ್ಟು ಬಂದ. ಬದುಕಿ ಬಂದರೆ ಕಪ್ಪು ಹಾಯಿ ಇಳಿಸಿ ಬಿಳಿಯದನ್ನು ಏರಿಸುತ್ತೇನೆ ಅಂದಿದ್ದು ಮರೆತ. ಕಪ್ಪು ಹಾಯಿ ಕಂಡ ಅಪ್ಪ ಬಂಡೆ ಮೇಲಿಂದ ಬಿದ್ದು ಸತ್ತ.

ಮೆಚ್ಚುಗೆ ಸಿಗದವನ ಕಥೆಯೂ ಅವರಲ್ಲಿದೆ. ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಬರಬೇಕಿತ್ತು ಅಂತ ನಂಬಿದ್ದ ಏಜಾಕ್ಸ್, ಅದು ಒಡಿಸ್ಸಿಯಸ್ ಪಾಲಾದಾಗ ಮತಿಗೆಟ್ಟು, ಶತ್ರುಗಳು ಅಂದುಕೊಂಡು ಕುರಿ, ದನಗಳನ್ನು ಕಡಿದ. ಎಚ್ಚರವಾದಾಗ ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದ. ಸೊಫೊಕ್ಲಿಸನ ಈ ನಾಟಕವನ್ನು ಮುಂದಿಟ್ಟುಕೊಂಡೇ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಕಡಿದವನಿಗೂ ಕಡಿಸಿಕೊಂಡವರಿಗೂ ನಮ್ಮ ಭಾರತದಲ್ಲೇ ಆಳು ಸಿಕ್ಕರು.

ಭೀಮನದು ಎರಡೂ ಅಲ್ಲ. ಅವನು ಅನ್ನದ ಬಂಡಿ ಹೊಡೆದುಕೊಂಡು ಹೋಗಿ, ಬಕನ ಕಣ್ಣೆದುರೇ ಕೂತು ಊಟ ಶುರುಮಾಡಿದ. ಹಿಂದಿನಿಂದ ಬಕ ಎರಡೂ ಕೈಯಲ್ಲಿ ಬೆನ್ನಿಗೆ ಗುದ್ದುತ್ತಿದ್ದರೆ ತಿರುಗಿಯೂ ನೋಡದೆ ಊಟ ಮುಗಿಸಿ, ಕೈ ತೊಳೆದು, ಆಮೇಲೆ ಎದ್ದ. ಮಂಡಿಗೆ ಒತ್ತಿ ಬೆನ್ನು ಮುರಿದ. ಬಕನ ಕಡೆಯವರು ಹೆದರಿ ಬಂದಾಗ, ಇನ್ನು ಮನುಷ್ಯರ ತಂಟೆಗೆ ಹೋಗಬೇಡಿ ಅಂತ ಮಾತು ತಗೊಂಡು ಬಿಟ್ಟ. ಹೆಣವನ್ನು ಊರಬಾಗಿಲಿಗೆ ಎಳೆದು ತಂದು ಹಾಕಿ, ಯಾರಿಗೂ ಕಾಣದ ಹಾಗೆ ಮನೆ ಸೇರಿದ.

ಬೆಳಗ್ಗೆ ಊರಿಗೆ ಊರೇ ಬಾಗಿಲಲ್ಲಿ ನೆರೆಯಿತು. ಯಾರು ಮಾಡಿದ್ದು? ಜನ ಪಟ್ಟಿ ಲೆಕ್ಕ ಹಾಕಿದರು, ನಿನ್ನೆ ಯಾರ ಸರದಿ ಅಂತ. ಲೆಕ್ಕ ಸರಿಯಾಗಿ ಆ ಬ್ರಾಹ್ಮಣನ ಮನೆಗೇ ಬಂತು. ಕುಂತಿ ಮೊದಲೇ ಬಾಯಿ ಕಟ್ಟಿದ್ದಳಲ್ಲ, ಅವನು ಮಗನ ಹೆಸರೆತ್ತಲಿಲ್ಲ. ನಾವು ಅಳ್ತಾ ಇದ್ದಿದ್ದು ನೋಡಿ ಮಂತ್ರ ಬಲ್ಲವರೊಬ್ಬರು ಬಂದಿದ್ದರು, ಅನ್ನ ನಾನು ತಗೊಂಡು ಹೋಗ್ತೀನಿ ಅಂದರು, ಅವರದೇ ಕೆಲಸ ಇರಬೇಕು ಅಂದುಬಿಟ್ಟ. ಜನ ಸಂಭ್ರಮಪಟ್ಟು ಉತ್ಸವ ಮಾಡಿದರು. ಪಾಂಡವರು ಅದೇ ಮನೆಯಲ್ಲಿ ಉಳಿದರು. ಬಂದ ಭಿಕ್ಷೆಯಲ್ಲಿ ಅರ್ಧ ಭೀಮನಿಗೆ, ಇನ್ನರ್ಧ ಮಿಕ್ಕವರಿಗೆ ಅನ್ನುವ ಕುಂತಿಯ ಲೆಕ್ಕ ಹಾಗೇ ಇತ್ತು. ಆ ಒಂದು ಬಂಡಿ ಊಟ ಬಿಟ್ಟರೆ ಆ ಊರಲ್ಲಿ ಅವನು ಹೊಟ್ಟೆ ತುಂಬ ಉಂಡ ದಿನ ಇನ್ನೊಂದಿಲ್ಲ ಅಂತಿದ್ದಳು ನಮ್ಮಜ್ಜಿ.